ಎರಡನೆಯ ಕರಡಿಗೆ

ನಮ್ಮ ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದರು. ಒಂದಲ್ಲ, ಎರಡು ಲಿಂಗ. ಒಂದು ಅವರದೇ, ಸದಾ ಕೊರಳಲ್ಲಿ ಇರುತ್ತಿದ್ದದ್ದು. ಇನ್ನೊಂದು ಹುಟ್ಟದೆ ಹೋದ ಮಗುವಿನದು. ಆ ಮಗು ಬೇಡವೆಂದವಳು ನಾನು.

ನಮ್ಮವರಲ್ಲಿ ಬಸುರಿಗೆ ಎಂಟನೆಯ ತಿಂಗಳಲ್ಲಿ, ಒಳಗಿರುವ ಮಗುವಿಗೆಂದು ಮಠದ ಅಯ್ಯನವರಿಂದ ಲಿಂಗ ಕೊಡಿಸುತ್ತಾರೆ. ಹೆರಿಗೆಯಾಗುವವರೆಗೆ ತಾಯಿ ಅದನ್ನು ತನ್ನದರ ಜೊತೆ ಕಟ್ಟಿಕೊಂಡಿರುತ್ತಾಳೆ, ಆಮೇಲೆ ಅದು ಮಗುವಿನದು. ನನ್ನ ಮಗಳಿಗೂ ಹಾಗೆಯೇ ಆಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆ. ಮಗಳು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಕೆಲಸ ಸಿಕ್ಕಿತ್ತು, ಅದಿನ್ನೂ ಕಾಯಂ ಆಗಿರಲಿಲ್ಲ. ಅಂಥದ್ದರಲ್ಲಿ ಮತ್ತೆ ಮುಟ್ಟು ನಿಂತಿತು. ಕಾರಣ ಕೇಳಿದವರಿಗೆ ರಕ್ತ ಕಡಿಮೆ ಇದೆ ಅನ್ನುತ್ತಿದ್ದೆ. ಸುಳ್ಳೇನಲ್ಲ, ಕಡಿಮೆಯೇ ಇತ್ತು. ಆದರೆ ಮೈತುಂಬ ರಕ್ತವಿದ್ದಿದ್ದರೂ ನನಗೆ ಬೇಡವಾಗಿತ್ತು. ಹೆಂಗಸು ಬರೀ ಬೇಡ ಅಂದರೆ ಜನಕ್ಕೆ ಸಾಲುವುದಿಲ್ಲ, ಜೊತೆಗೊಂದು ಕಾಯಿಲೆಯನ್ನೂ ತೋರಿಸಬೇಕು. ಅದು ಆಗಲೂ ನನ್ನ ಮೈ ಉರಿಸುತ್ತಿತ್ತು, ಈಗಲೂ ಉರಿಸುತ್ತದೆ.

ಗಂಡನಿಗೆ ಹೇಳಿದೆ. "ನೀನೂ ಅಮ್ಮಾನೂ ಕೂತು ಒಂದು ತೀರ್ಮಾನಕ್ಕೆ ಬನ್ನಿ" ಅಂದರು, ಕಿಟಕಿಗೆ ಯಾವ ಬಣ್ಣದ ಪರದೆ ಹಾಕೋಣ ಅಂತ ನಾನು ಕೇಳಿದೆನೇನೋ ಅನ್ನುವ ಹಾಗೆ. ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಮಾತು ಬೆಳೆಯಿತು ಅಂದರೆ ಪೇಪರಿನ ಹಿಂದೆ ಸೇರಿಕೊಳ್ಳುವ ಒಳ್ಳೆಯ ಮನುಷ್ಯ.

ಹಾಗಾಗಿ ಮಾತು ನಮ್ಮಿಬ್ಬರಲ್ಲೇ ಅಡುಗೆಮನೆಯಲ್ಲಿ ನಡೆಯಿತು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು, ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ಜೀವ ಬಂದ್ಬುಟ್ಟಿದೆ ಕಣಮ್ಮ. ಬಂದಿದ್ದನ್ನ ಹೋಗು ಅನ್ನೋಕೆ ನಾವ್ಯಾರು?"

"ಹೊರೋಳು ನಾನಲ್ವಾ ಅತ್ತೆ?"

"ಸಾಕೋಳು ನಾನಲ್ವಾ? ನೀನು ಸ್ಕೂಲಿಗೆ ಹೋದ್ರೆ ಈ ಕೂಸನ್ನ ಯಾರು ನೋಡ್ಕೊಳ್ತಿರೋದು?"

ಅದು ನಿಜ. ಅವರು ಮಗುವನ್ನು ಸೊಂಟದಿಂದ ಇಳಿಸದೆ ಇದ್ದದ್ದಕ್ಕೇ ನಾನು ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದೆ. ಬೇರೆ ದಾರಿ ಕಾಣದೆ ಕಾನೂನಿನ ಮಾತು ತೆಗೆದೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆ, ಆಸ್ಪತ್ರೆಯಲ್ಲೇ ಮಾಡುತ್ತಾರೆ ಅಂದೆ.

"ಕಾನೂನು ಬಂದು ಬಾಣಂತನ ಮಾಡ್ತದಾ?" ಅಂದರು ಅತ್ತೆ. ಅಲ್ಲಿಗೆ ಅವತ್ತಿನ ಚರ್ಚೆ ಮುಗಿಯಿತು.

ಒಂದು ಸೋಮವಾರ ಸ್ಕೂಲಿನಿಂದ ಬರುವಷ್ಟರಲ್ಲಿ ನಡುಮನೆಯಲ್ಲಿ ಅಯ್ಯನವರು ಕೂತಿದ್ದರು. ಮುಂದೆ ತಟ್ಟೆಯಲ್ಲಿ ಬಿಲ್ವಪತ್ರೆ, ವಿಭೂತಿ, ಒಂದು ಪುಟ್ಟ ಲಿಂಗ. ನನಗೆ ಎಂಟು ತಿಂಗಳು ಅಂತ ಅತ್ತೆ ಹೇಳಿಕಳಿಸಿದ್ದರು. ಸೀರೆ ಬಿಗಿಯಾಗಿ ಸುತ್ತಿಕೊಂಡು ಬಸ್ಸಿನಿಂದ ಇಳಿದು ಬಂದಿದ್ದ ನನ್ನ ಸೊಂಟವನ್ನು ಅಯ್ಯನವರು ನೋಡಿದರು, ಅತ್ತೆಯ ಮುಖ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದರು.

"ಎಂಟು ತುಂಬ್ತು ಅಂದ್ರಲ್ಲವ್ವಾ?"

"ತುಂಬ್ತದೆ ಬುಡಿ ಅಯ್ಯ. ಈಗ್ಲೇ ಕಟ್ಬುಡಿ. ಲಿಂಗ ಆಗಿರೋ ಜೀವಾನ ಯಾರೂ ಮುಟ್ಟಕ್ಕಾಗಲ್ಲ."

ಆಗ ನನಗೆ ಅರ್ಥವಾಯಿತು. ಇಷ್ಟು ಸಿಟ್ಟು ನನಗೆ ಜೀವನದಲ್ಲಿ ಹೆಚ್ಚು ಸಲ ಬಂದಿಲ್ಲ. ನಾನು ಶಿವನನ್ನು ನಂಬದವಳಲ್ಲ. ಕಟ್ಟಿಸಿಕೊಂಡಿದ್ದರೆ ಆಮೇಲೆ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ, ಅದು ಅತ್ತೆಗೂ ಗೊತ್ತಿತ್ತು. "ನಾನು ಕಟ್ಟಿಸ್ಕೊಳ್ಳಲ್ಲ ಅಯ್ಯನೋರೆ" ಅಂದೆ.

ಅಯ್ಯನವರು ಒತ್ತಾಯ ಮಾಡಲಿಲ್ಲ. ಮಠದಲ್ಲಿ ಪೂಜೆಯಾದ ಲಿಂಗವನ್ನು ವಾಪಸು ತೆಗೆದುಕೊಂಡು ಹೋಗುವುದು ಸರಿಯಲ್ಲ ಅಂತ ಅಲ್ಲೇ ಬಿಟ್ಟು, ಕೊಟ್ಟ ಹಾಲು ಕುಡಿದು ಹೊರಟರು. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಒಂದು ಕರಡಿಗೆಯಲ್ಲಿ ಇಟ್ಟರು. ಲಿಂಗ ಇಡುವ ಬೆಳ್ಳಿಯ ಪುಟ್ಟ ಡಬ್ಬಿ ಅದು. ನನಗೆ ತಿಳಿಯದ ಹಾಗೆ ಆಗಲೇ ಮಾಡಿಸಿಟ್ಟಿದ್ದರು. ಹೊಳೆಯುವ ಹೊಸ ಬೆಳ್ಳಿ.

ಆ ವಾರವೇ ಯಾದವಗಿರಿಯ ಒಂದು ನರ್ಸಿಂಗ್ ಹೋಮಿಗೆ ಹೋದೆ. "ಕಾನೂನಿಗೆ ನಿಮ್ಮೊಬ್ಬರ ಒಪ್ಪಿಗೆ ಸಾಕು. ಆದ್ರೂ ಮನೆಯವರ ಸಹೀನೂ ಇರ್ಲಿ, ನಾಳೆ ತಕರಾರು ಬೇಡ" ಅಂದರು ಡಾಕ್ಟರಮ್ಮ. ನನ್ನ ಹೊಟ್ಟೆಗೆ ಅವರ ಸಹಿ ಯಾಕೆ ಅಂತ ಕೇಳುವ ತ್ರಾಣ ಇರಲಿಲ್ಲ. ಗಂಡ ಸಹಿ ಹಾಕಿ ನನ್ನ ಕೈ ಹಿಡಿದುಕೊಂಡು ಕೂತರು. ಸಂಜೆ ಆಟೋದಲ್ಲಿ ಮನೆಗೆ ಬಂದೆವು.

ಅತ್ತೆ ಮಾತು ಬಿಡುತ್ತಾರೆ ಅಂದುಕೊಂಡಿದ್ದೆ. ಬಿಟ್ಟರು ಕೂಡ. ಆದರೆ ಮಾರನೆಯ ದಿನ ನಾನು ಏಳುವಷ್ಟರಲ್ಲಿ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕೂರಿಸಿ ಬಿಸಿನೀರು ಹುಯ್ದರು. ಹೊಟ್ಟೆಗೆ ಹಳೆಯ ಪಂಚೆ ಬಿಗಿದು ಕಟ್ಟಿದರು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಾಂಬ್ರಾಣಿ ಹೊಗೆ. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ. ಮಗಳು ಹುಟ್ಟಿದಾಗ ಏನೇನು ಮಾಡಿದ್ದರೋ ಅದೆಲ್ಲವನ್ನೂ ಮಾಡಿದರು, ಒಂದು ಮಾತೂ ಆಡದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿದರೆ ಮಾತ್ರ ಗಂಟಲು ತೆರೆಯುತ್ತಿತ್ತು. "ಉಷಾರಿಲ್ಲ ಕಣ್ರೀ ಅವ್ಳಿಗೆ, ಮಲಗ್ಲಿ ಬುಡಿ."

ಚೇತರಿಸಿಕೊಂಡು ಎದ್ದ ಮೇಲೆ ಒಂದು ಬೆಳಿಗ್ಗೆ ನೋಡಿದೆ, ಅವರ ಅಂಗೈಯಲ್ಲಿ ಎರಡು ಲಿಂಗ ಇದ್ದವು.

ವರ್ಷಗಳು ಕಳೆದವು. ದಟ್ಟಗಳ್ಳಿಯಲ್ಲಿ ಸ್ವಂತ ಮನೆಯಾಯಿತು. ಪೂಜೆ ಮಾತ್ರ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಟಿಫನ್ ಬಾಕ್ಸ್ ಕಟ್ಟುತ್ತಾ ದೇವರಕೋಣೆಯ ಕಡೆ ನೋಡದಿರಲು ಪ್ರಯತ್ನಪಡುತ್ತಿದ್ದೆ. ನನ್ನ ತಪ್ಪನ್ನು ದಿನಾ ಶಿವನ ಮುಂದೆ ಒದರುತ್ತಿದ್ದಾರೆ ಅನಿಸುತ್ತಿತ್ತು. ನಾನು ಅದನ್ನು ತಪ್ಪೆಂದು ಒಪ್ಪಿರಲೇ ಇಲ್ಲ. ಹೌದು ಅಂದುಬಿಟ್ಟಾರು ಅಂತ ಹೆದರಿ ಅತ್ತೆಯನ್ನು ಕೇಳಲೂ ಇಲ್ಲ.

ಮುಂದೆ ಎರಡು ಸಾವಿರದ ಇಸವಿಯ ಈಚೆಗೆ, ಗರ್ಭಪಾತದ ವಿಷಯದ ಮೇಲೆಯೇ ಊರಿನಲ್ಲೊಂದು ಚರ್ಚೆ ಇಟ್ಟಿದ್ದರು. ಸಹೋದ್ಯೋಗಿಗಳ ಜೊತೆ ಹೋದೆ. ವೇದಿಕೆಯ ಒಂದು ಪಕ್ಕ ಜೀವ ಅಂದಿತು, ಇನ್ನೊಂದು ಪಕ್ಕ ಹಕ್ಕು ಅಂದಿತು. ನಾನು ಹಕ್ಕು ಅಂದವರಿಗೆ ಜೋರಾಗಿಯೇ ಚಪ್ಪಾಳೆ ತಟ್ಟಿದೆ. ಮುಗಿದ ಮೇಲೆ ಎರಡು ಕಡೆಯವರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ಬಾಗಿಲಿನಿಂದ ಹೋದರು. ನಾನು ಮನೆಗೆ ಬಂದಾಗ ಅತ್ತೆ ನನಗೋಸ್ಕರ ಸಾರು ಬಿಸಿ ಮಾಡುತ್ತಿದ್ದರು. ಕೇಳಿಯೇಬಿಟ್ಟೆ.

"ಅತ್ತೆ, ನನ್ನ ಮೇಲಿನ ಸಿಟ್ಟಿಗೆ ಅದನ್ನ ಪೂಜೆ ಮಾಡ್ತೀರಾ?"

"ಸಿಟ್ಟಾ?" ಅಂದರು. "ಸಿಟ್ಟಿದ್ದಿದ್ರೆ ಅವತ್ತು ಅಷ್ಟೊಂದು ತುಪ್ಪ ಹಾಕ್ತಿದ್ನಾ? ನಿಂಗೆ ಬೇಡವಾಗಿತ್ತು, ನೀನು ಹೋಗಿ ಬಂದ್ಬುಟ್ಟೆ. ನಂಗೆ ಬೇಕಾಗಿತ್ತು ಕಣಮ್ಮ. ನಾನೆಲ್ಲಿಗೆ ಹೋಗ್ಲಿ? ಅದಕ್ಕೇ ಅದನ್ನ ಇಟ್ಕೊಂಡಿದೀನಿ."

"ನಾನು ಮಾಡಿದ್ದು ತಪ್ಪಾ?"

"ನನ್ನ ಕೇಳಿದ್ರೆ ತಪ್ಪೇ. ಕೈ ತೊಳ್ಕೊಂಡ್ ಬಾ, ಸಾರು ಆರೋಗ್ತದೆ."

ನನಗೆ ಅಳು ಬಂತು, ನಗುವೂ ಬಂತು. ನಾನು ಮಾಡಿದ್ದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಮಾರನೆಯ ಬೆಳಿಗ್ಗೆಯಿಂದ ಪೂಜೆಗೆ ಬಿಲ್ವಪತ್ರೆ ಕಿತ್ತು ತರುವ ಕೆಲಸ ನನ್ನದಾಯಿತು.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ನಮ್ಮಲ್ಲಿ ಹೋದವರ ಲಿಂಗವನ್ನು ಅವರ ಕೈಯಲ್ಲೇ ಇಟ್ಟು ಮಣ್ಣು ಮಾಡುತ್ತಾರೆ. ಅವರನ್ನು ಕೂರಿಸಿ ವಿಭೂತಿ ಹಚ್ಚಿದ ಮೇಲೆ, ಆ ದಿನ ಬಂದಿದ್ದ ಅಯ್ಯನವರು ಎರಡನೆಯ ಕರಡಿಗೆಯನ್ನು ಎತ್ತಿ ಹಿಡಿದು, ಇದು ಯಾರದು ಅಂತ ಕೇಳಿದರು. ಬೆಳ್ಳಿ ಕಪ್ಪಾಗಿತ್ತು. ನೆಂಟರಲ್ಲಿ ಯಾರೋ ಹೊಳೆಗೆ ಬಿಡಿ ಅಂದರು. ಗಂಡ ನನ್ನ ಕಡೆ ನೋಡಿದರು.

"ಅತ್ತೇದೇ. ಇಲ್ಲಿ ಕೊಡಿ" ಅಂದೆ.

ನನಗೆ ಬೇಡವಾಗಿದ್ದು ಆ ಹೊತ್ತಿಗೂ ಬೇಡವೇ ಆಗಿತ್ತು. ಅವರಿಗೆ ಬೇಕಾಗಿದ್ದುದನ್ನು ಅವರ ಎಡಗೈಯಲ್ಲಿ ಇಟ್ಟು, ತಣ್ಣಗಿದ್ದ ಬೆರಳುಗಳನ್ನು ನಾನೇ ಮಡಿಸಿದೆ.