ಆಟಿ ಹದಿನೆಂಟರ ಮೊದಲ ಲೋಟ

ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿಕೊಳ್ಳುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅಂದು ಸೊಪ್ಪನ್ನು ಬೇಯಿಸಿ, ಆ ಕಡುನೇರಳೆ ನೀರಿಗೆ ಅಕ್ಕಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡುತ್ತೇವೆ. ತಿಂದವರ ಮೂತ್ರ ಕೆಂಪಾಗುತ್ತದೆ. ಹೊಸ ಅಳಿಯಂದಿರಿಗೆ ಅದನ್ನು ಮೊದಲೇ ಹೇಳದೆ ಹೆದರಿಸುವುದು ಇಲ್ಲಿನ ಹಳೆಯ ತಮಾಷೆ.

ಈ ಸಲ ಆ ಪಾಯಸವನ್ನು ಶನಿವಾರಸಂತೆಯ ಬಸ್ ನಿಲ್ದಾಣದ ಎದುರು ಮೇಜು ಹಾಕಿ ಮಾರಿದೆವು. ಗುಣವಾಗದ ಕಾಯಿಲೆಯವರನ್ನು ಮನೆಗೇ ಬಂದು ಕೊನೆಯತನಕ ನೋಡಿಕೊಳ್ಳುವ ಸಂಸ್ಥೆಗೆ ಹಣ ಕೂಡಿಸಲು, ಅಮ್ಮನ ನೆನಪಿನಲ್ಲಿ. ಪಾಯಸ ನಾನೇ ಮಾಡಿದ್ದೆ. ನಮ್ಮ ಮನೆಯಲ್ಲಿ ಮೊದಲ ಲೋಟ ಕೊಡುವುದು ಅಮ್ಮನ ಕೈ. ಅವಳ ನಂತರ ಅದು ನನ್ನದು ಎಂದುಕೊಂಡಿದ್ದೆ.

ಸಂಸ್ಥೆಯ ಹಿರಿಯರು ಹಣದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೇಳಿದರು: "ಮೊದಲ್ನೇ ಲೋಟ ನಮ್ ಸಿಸ್ಟರ್ ಕೈಲೇ ಕೊಡ್ಸೋಣ ಕಣಮ್ಮ. ನಿಮ್ಮಮ್ಮಂಗೆ ಅವಳಂದ್ರೆ ಪ್ರಾಣ."

"ಹೂಂ" ಎಂದೆ. ಸೌಟು ಮಾತ್ರ ಕೈಯಿಂದ ಬಿಡಲಿಲ್ಲ.

ಸಿಸ್ಟರ್ ಎಂದರೆ ಅಮ್ಮನನ್ನು ನೋಡಿಕೊಂಡ ನರ್ಸ್. ಸಿದ್ದಾಪುರದ ಕಡೆಯವಳು, ಮನೆಮಾತು ಮಲಯಾಳಂ, ನನ್ನನ್ನು ಅಕ್ಕ ಎನ್ನುವ ಅರ್ಥದಲ್ಲಿ ಚೇಚಿ ಎಂದು ಕರೆಯುತ್ತಾಳೆ. ಕಳೆದ ವರ್ಷ ಇದೇ ಹೊತ್ತಿಗೆ ಅಮ್ಮ ಊಟ ಬಿಟ್ಟಿದ್ದಳು. ನಾನು ಗಂಜಿಯ ಚಮಚ ಹಿಡಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆ ವರ್ಷ ನಾನು ಸೊಪ್ಪು ಕೊಯ್ಯಲೇ ಇಲ್ಲ.

ಆಟಿ ಹದಿನೆಂಟರ ಮರುದಿನ ಬೆಳಿಗ್ಗೆ ಮಂಚದ ಪಕ್ಕ ತೂಗುಹಾಕಿದ್ದ ಮೂತ್ರದ ಚೀಲ ಕೆಂಪಾಗಿತ್ತು. ಮನೆಯಲ್ಲಿ ಪಾಯಸವೇ ಆಗಿರಲಿಲ್ಲವಾದ್ದರಿಂದ ಬೇರೇನೂ ತಲೆಗೆ ಹೊಳೆಯಲಿಲ್ಲ. ಕೂಡಲೇ ಫೋನ್ ಮಾಡಿದೆ.

"ಸಿಸ್ಟರ್, ಅಮ್ಮಂಗೆ ರಕ್ತ ಹೋಗ್ತಾ ಇದೆ, ಬೇಗ ಬನ್ನಿ."

"ಅಯ್ಯೋ ಚೇಚಿ, ಅದು ರಕ್ತ ಅಲ್ಲ. ಪಾಯಸ. ನಿನ್ನೆ ನೀವು ಔಷಧಿ ತರಕ್ಕೆ ಹೋಗಿದ್ರಲ್ಲ, ಆವಾಗ ಕೊಟ್ಟೆ. ನಮ್ ಮನೇಲಿ ಮಾಡಿದ್ದು."

"ತಿಂದ್ಲಾ?"

"ಒಂದು ಲೋಟ. ಬೆಲ್ಲ ಕಮ್ಮಿ ಅಂತ ನನಗೇ ಬೈದ್ರು."

ರಕ್ತವಲ್ಲ ಎಂದು ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ ಎದೆಯಲ್ಲಿ ಇನ್ನೊಂದು ಎದ್ದಿತು. ತಿಂದದ್ದಕ್ಕಿಂತ ಬೈದದ್ದು ಹೆಚ್ಚು ಚುಚ್ಚಿತು. ಮಲಗಿದಾಗಿನಿಂದ ಅಮ್ಮ ನನ್ನನ್ನು ಬೈಯುವುದನ್ನೇ ಬಿಟ್ಟಿದ್ದಳು. ದಿಂಬು ಸೊಟ್ಟಗಿದ್ದರೂ, ನೀರು ಬಿಸಿಯಾಗಿದ್ದರೂ "ಆಯ್ತು ಮಗ" ಎನ್ನುತ್ತಿದ್ದಳು. ನೆಂಟರೊಡನೆ ಮಾತಾಡುವ ಹಾಗೆ. ಬೈಗುಳವನ್ನೆಲ್ಲ ಸಿದ್ದಾಪುರದ ಹುಡುಗಿಗೆ ಎತ್ತಿಟ್ಟಿದ್ದಳು. ಆ ತಿಂಗಳು ಮುಗಿಯುವ ಮೊದಲೇ ಅಮ್ಮ ಹೋದಳು. ನನಗೆ ಯಾವುದನ್ನೂ ಕೇಳಲಾಗಲಿಲ್ಲ.

ಈಗ ಸಿಸ್ಟರ್ ಸಂಸ್ಥೆಯ ವ್ಯಾನಿನಿಂದ ಇಳಿದು ಮೇಜಿನ ಬಳಿ ಬಂದಳು. ಹಿರಿಯರು ಮೊದಲ ಲೋಟದ ಮಾತೆತ್ತಿದರು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನಾ? ಬೇಡ ಸಾರ್. ಮಗಳು ನಿಂತಿದ್ದಾರಲ್ಲ, ಸೌಟು ಹಿಡ್ಕೊಂಡು."

ನನಗೆ ಬೇಕಾಗಿದ್ದುದು ಸಿಕ್ಕಿತು. ಅದನ್ನೂ ಅವಳೇ ಕೊಟ್ಟಳಲ್ಲ ಎಂದು ಮೈ ಉರಿಯಿತು. ಹಿರಿಯರು ಸಾಲು ಸರಿಮಾಡಲು ಹೋದಾಗ ತಗ್ಗಿದ ದನಿಯಲ್ಲಿ ಕೇಳಿದೆ: "ಅವತ್ತು ಅಮ್ಮ ನಿನ್ ಕೈಲಿ ಯಾಕೆ ತಿಂದ್ಲು?"

ಅವಳು ನನ್ನನ್ನು ನೋಡಿದಳು. "ಬೇಜಾರು ಮಾಡ್ಕೋಬಾರ್ದು ಚೇಚಿ. ನಾನೂ ಕೇಳಿದೆ, ಮಗಳು ಕೊಟ್ರೆ ತಿನ್ನಲ್ಲ ಯಾಕೆ ಅಂತ. ಅದಕ್ಕೆ ಅಮ್ಮ, 'ಅವಳು ಒಂದೊಂದು ಚಮಚಕ್ಕೂ ನನ್ ಮುಖ ನೋಡ್ತಾಳೆ, ಇದೇ ಕೊನೇದು ಅನ್ನೋ ಹಂಗೆ. ಗಂಟಲಲ್ಲಿ ಇಳಿಯಲ್ಲ. ನೀನು ಕೊಟ್ರೆ ಬರೀ ಪಾಯಸ' ಅಂದ್ರು."

ಅದು ಅಮ್ಮನದೇ ಮಾತು, ಅನುಮಾನವಿರಲಿಲ್ಲ. ನನಗೆ ಹೇಳಬಹುದಿತ್ತು. ಹೇಳಿದ್ದರೆ ಮುಖ ಬೇರೆ ಕಡೆ ತಿರುಗಿಸಿಕೊಂಡು ತಿನ್ನಿಸುತ್ತಿದ್ದೆ. ತಿನ್ನಿಸುತ್ತಿದ್ದೆನೇ? ಗೊತ್ತಿಲ್ಲ.

ಮೊದಲ ಲೋಟವನ್ನು ನಾನೇ ತುಂಬಿ, ಸಾಲಿನ ಮುಂದಿದ್ದ ಹೆಂಗಸಿಗೆ ಕೊಟ್ಟೆ. ಅದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ. ಎರಡನೆಯದಕ್ಕೆ ಸೌಟನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಂಡಳು. ಸಾಲಿನವರಲ್ಲಿ ಕೆಲವರು ಅವಳನ್ನು ಗುರುತಿಸಿ, ಆ ಅಮ್ಮ ಕೊನೆಗೆ ಹೇಗಿದ್ದರು ಎಂದು ಅವಳನ್ನೇ ಕೇಳತೊಡಗಿದರು. ಅವಳು ಬಡಿಸುತ್ತ ಉತ್ತರಿಸುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು, ಖಾಲಿ ಲೋಟಗಳನ್ನು ಸದ್ದಾಗದಂತೆ ಒಂದೊಂದಾಗಿ ಜೋಡಿಸಿದೆ. ಒಂದು ಮಾತೂ ತಪ್ಪಿಹೋಗಬಾರದಿತ್ತು.