ಕುಕ್ಕರ್ ಕ್ಯಾಸೆಟ್ಟು

ಟೈಲರಮ್ಮನಷ್ಟು ಹಳೆಯ ಹಾಡು ಕೇಳುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವಳು ಒಂದು ಸಾಲನ್ನಾದರೂ ಗುನುಗಿದ್ದನ್ನು ಕೇಳಿದವರೂ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದು, ಹೊಲಿಗೆ ಯಂತ್ರಕ್ಕೆ ಹನಿ ಎಣ್ಣೆ ಬಿಟ್ಟು, ಕಿಟಕಿಯ ಗೂಡಿನ ರೇಡಿಯೊ ಹಚ್ಚಿದಳೆಂದರೆ ದೀಪ ಹಚ್ಚುವ ಹೊತ್ತಿನವರೆಗೂ ಅದು ಹಾಡುತ್ತಲೇ ಇರಬೇಕು. ಎಂಬತ್ತರ ದಶಕದ ಹಾಡು ಬಂದರೆ ಅವಳ ಕಾಲು ಪೆಡಲಿನ ಮೇಲೆ ತಾನಾಗಿ ತಾಳ ಹಾಕುತ್ತಿತ್ತು. ತುಟಿ ಮಾತ್ರ ಗುಂಡುಸೂಜಿಗಳನ್ನು ಕಚ್ಚಿಕೊಂಡು ಬಿಗಿದೇ ಇರುತ್ತಿತ್ತು.

"ಒಂದು ಹಾಡು ಹೇಳಿ ಟೈಲರಮ್ಮ, ಎಲ್ಲಾ ಬಾಯಿಪಾಠ ಇರಬೇಕಲ್ಲ ನಿಮಗೆ," ಎಂದು ಅಳತೆ ಕೊಡಲು ಬಂದ ಹೆಂಗಸರು ಕೆಣಕುತ್ತಿದ್ದರು.

"ನಾನು ಹಾಡಿದ್ರೆ ನಿಮ್ಮ ತೋಳು ಎರಡಿಂಚು ಗಿಡ್ಡ ಆಗುತ್ತೆ. ಪರವಾಗಿಲ್ವಾ?"

ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಹಾಡಿನ ಹುಚ್ಚು ಅವಳಿಗೆ ಹತ್ತಿದ್ದು ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ. ಆಗ ಅವಳಿಗೆ ಇಪ್ಪತ್ತು ದಾಟಿತ್ತಷ್ಟೆ. ತಾಯಿ ಇರಲಿಲ್ಲ. ಅಪ್ಪ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇಡೀ ಊರಿನ ಮಾತನ್ನು ಅತ್ತಿಂದಿತ್ತ ದಾಟಿಸುತ್ತಿದ್ದಳು. ತಂಗಿಯಾದ ಇವಳು ಕೋಟು ಹೊಲಿಯುವ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಳು. ಬಡಕಲು ಮೈಯ ತಂಗಿಗೆ ಅಕ್ಕ ಇಟ್ಟ ಹೆಸರು ಗುಬ್ಬಿ. ಮನೆಗೆ ಒಂದು ಟೇಪ್ ರೆಕಾರ್ಡರ್ ಬಂದದ್ದು ಅಕ್ಕನ ದುಡಿಮೆಯಿಂದ. ಹಾಗಾಗಿ ಅದನ್ನು ಮುಟ್ಟುವ ಅಧಿಕಾರವೂ ಅಕ್ಕನದೇ. ಕ್ಯಾಸೆಟ್ ಹಾಕುವವಳು ಅವಳು, ತೆಗೆಯುವವಳು ಅವಳು, ಧೂಳು ಒರೆಸುವವಳೂ ಅವಳು.

ಹಾಡಿನ ಕ್ಯಾಸೆಟ್ ಕೊಳ್ಳುವ ತಾಕತ್ತು ಆ ಮನೆಗೆ ಇರಲಿಲ್ಲ. ರೇಡಿಯೊದಲ್ಲಿ ಬಂದದ್ದನ್ನೇ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳಬೇಕು. ಅದಕ್ಕಾಗಿ ಭಾನುವಾರ ಮಧ್ಯಾಹ್ನ ಮನೆಯಲ್ಲಿ ದೊಡ್ಡ ಸನ್ನಾಹವೇ ನಡೆಯುತ್ತಿತ್ತು. ಸ್ಟೂಲಿನ ಮೇಲೆ ರೇಡಿಯೊ, ಅದರ ಮೂತಿಗೆ ಮೂತಿ ಕೊಟ್ಟಂತೆ ಟೇಪ್ ರೆಕಾರ್ಡರ್. ಕಿಟಕಿ ಮುಚ್ಚಬೇಕು, ಫ್ಯಾನು ನಿಲ್ಲಿಸಬೇಕು, ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಸುತ್ತಬೇಕು. ನಲ್ಲಿಗೆ ಬಟ್ಟೆ ಸುತ್ತುವುದು ಗುಬ್ಬಿಯ ಕೆಲಸ. ಕೆಮ್ಮು ಬಂದರೆ ಬಾಯಿಗೆ ಟವೆಲ್ ತುರುಕಿಕೊಳ್ಳುವುದು ಅಪ್ಪನ ಕೆಲಸ.

"ಉಸಿರಾಡಬಹುದೇನಮ್ಮ?" ಎಂದು ಅಪ್ಪ ಕೇಳುತ್ತಿದ್ದರು.

"ಎರಡು ಹಾಡಿನ ನಡುವೆ ಆಡಿ," ಎನ್ನುತ್ತಿದ್ದಳು ಅಕ್ಕ.

ಎಕ್ಸ್‌ಚೇಂಜಿನ ಹಿಂದಿನ ಓಣಿಯಲ್ಲಿ ಒಂದು ವಾದ್ಯಗೋಷ್ಠಿ ಇತ್ತು. ಅದರ ಮಾಸ್ತರು ಅಕಾರ್ಡಿಯನ್ ನುಡಿಸುತ್ತಿದ್ದರು. ಊರೂರು ತಿರುಗಿ ಸಂಜೆಯ ಕಾರ್ಯಕ್ರಮ ಕೊಡುವ ತಂಡ ಅದು. ಅವರ ಹಾಡುಗಾತಿ ಮದುವೆಯಾಗಿ ಹೋದಾಗ ಹೊಸ ದನಿ ಬೇಕಾಗಿದೆಯೆಂದೂ, ಕ್ಯಾಸೆಟ್ಟಿನಲ್ಲಿ ಹಾಡಿ ಕಳಿಸಿದರೆ ಕೇಳುವರೆಂದೂ ಕೋಟಿನ ಅಂಗಡಿಯಲ್ಲಿ ಸುದ್ದಿಯಾಯಿತು. ಗುಬ್ಬಿ ಮೂರು ರಾತ್ರಿ ಹೊರಳಾಡಿ ಕೊನೆಗೆ ಅಕ್ಕನಿಗೆ ಹೇಳಿದಳು. ಅಕ್ಕ ತಡೆಯಲಿಲ್ಲ. ತಾನೇ ಒಂದು ಖಾಲಿ ಕ್ಯಾಸೆಟ್ ತಂದುಕೊಟ್ಟಳು.

ಅಕ್ಕ ಪಾಳಿಗೆ ಹೋಗಿದ್ದ ಒಂದು ರಜೆಯ ದಿನ ಗುಬ್ಬಿ ಗೋಡೆಗೆ ಮುಖ ಮಾಡಿ ಕೂತು ಒಂದು ಬದಿ ಪೂರ್ತಿ ಹಾಡಿದಳು. ಕೇಳಿದವರು ಅಪ್ಪ ಒಬ್ಬರೇ. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಹಲ್ಲು ಇರುತ್ತದಲ್ಲ, ಅದನ್ನು ಮುರಿದರೆ ಆ ಬದಿಯ ಮೇಲೆ ಬೇರೇನೂ ತುಂಬಿಸಲಾಗದು, ರೆಕಾರ್ಡ್ ಗುಂಡಿಯೇ ಒತ್ತಿಕೊಳ್ಳದು. ಗುಬ್ಬಿ ಕಾಜಾ ಕತ್ತರಿಯ ತುದಿಯಿಂದ ಆ ಹಲ್ಲು ಮುರಿದಳು. ಕತ್ತರಿ ಜಾರಿತು. ಪಕ್ಕದ ಪ್ಲಾಸ್ಟಿಕ್ಕಿನಲ್ಲಿ ಉಗುರಿನ ಆಕಾರದ ಒಂದು ಗಾಯ ಉಳಿಯಿತು. ಮಾಸ್ತರ ಮುಂದೆ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. "ನಂಗೆ ದಾರಿಯಲ್ಲೇ ಸಿಗುತ್ತೆ, ಕೊಟ್ಟು ಬರ್ತೀನಿ ಬಿಡು," ಎಂದು ಅಕ್ಕನೇ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಆ ವಾರ ಗುಬ್ಬಿ ಊಟ ಸರಿಯಾಗಿ ಮಾಡಲಿಲ್ಲ. ಒಂದು ಸಂಜೆ ಅಕ್ಕ ಚಪ್ಪಲಿ ಬಿಚ್ಚುತ್ತಾ, ಮುಖ ಎತ್ತದೆ ಹೇಳಿದಳು:

"ಕೇಳಿದರಂತೆ ಕಣೇ. ಗಂಟಲು ಮೈಕಿಗೆ ಆಗಲ್ಲವಂತೆ. ತೆಳು ಅಂದರು."

"ಕ್ಯಾಸೆಟ್ಟು?"

"ವಾಪಸ್ ಕೊಡಲಿಲ್ಲ. ಎಲ್ಲಿ ಬಿಸಾಕಿದರೋ. ಬಿಡು, ಬೇಜಾರು ಮಾಡ್ಕೋಬೇಡ."

ಮುಂದಿನ ಭಾನುವಾರ ತಂಗಿಯ ಮನಸ್ಸು ಸರಿಹೋಗಲೆಂದು ಅಕ್ಕ ಒಂದು ಕ್ಯಾಸೆಟ್ ಹಾಕಿ ಹಾಡು ತುಂಬಿಸತೊಡಗಿದಳು. ಅಂದು ರೇಡಿಯೊದವರಿಗೂ ಏನಾಗಿತ್ತೋ, ಒಂದಕ್ಕಿಂತ ಒಂದು ಚೆಂದದ ಹಾಡುಗಳು ಬಂದವು. ಎರಡನೆಯ ಹಾಡಿನ ನಡುವೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಬಿಟ್ಟಿತು. ಒಲೆ ಆರಿಸುವುದನ್ನು ಗುಬ್ಬಿ ಮರೆತಿದ್ದಳು. ಅವಳು ತಲೆ ತಗ್ಗಿಸಿ, "ತಪ್ಪಾಯ್ತಕ್ಕ," ಎಂದಳು. ಬೇರೆ ದಿನವಾಗಿದ್ದರೆ ಅಕ್ಕ ಮನೆ ತಲೆಕೆಳಗು ಮಾಡುತ್ತಿದ್ದಳು. ಅಂದು, "ಇರಲಿ ಬಿಡು," ಎಂದು ಸುಮ್ಮನಾದಳು. ಆ ಕೂಗು ಹಾಡಿನ ಭಾಗವೇ ಆಗಿಹೋಯಿತು. ಆ ಜಾಗ ಬಂದಾಗ ಮೂವರೂ ಒಟ್ಟಿಗೆ ಬಾಯಲ್ಲಿ ಕುಕ್ಕರ್ ಕೂಗಿಸುತ್ತಿದ್ದರು. ಕುಕ್ಕರ್ ಕ್ಯಾಸೆಟ್ಟು ಎಂದೇ ಅದಕ್ಕೆ ಹೆಸರು ಬಿತ್ತು. ಕೊನೆಯ ಹಾಡು ಮುಗಿಯುತ್ತಿದ್ದಂತೆ ಅಕ್ಕ ಟಕ್ಕನೆ ಗುಂಡಿ ಒತ್ತಿ ನಿಲ್ಲಿಸುತ್ತಿದ್ದಳು. "ಖಾಲಿ ಟೇಪು ಯಾಕೆ ಸವೆಸಬೇಕು?" ಎನ್ನುತ್ತಿದ್ದಳು. ಅಕ್ಕನ ಜಿಪುಣತನ ಎಂದು ಅಪ್ಪನೂ ಗುಬ್ಬಿಯೂ ನಗುತ್ತಿದ್ದರು.

ಒಂದು ವರ್ಷದೊಳಗೆ ಅಕ್ಕನ ಮದುವೆಯಾಯಿತು. ಹೋಗುವಾಗ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ತೆಗೆದುಕೊಂಡು ಹೋದಳು. ಅಪ್ಪನನ್ನು ಗುಬ್ಬಿಗೆ ಬಿಟ್ಟಳು. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದರು. ಅವರು ತೀರಿಕೊಳ್ಳುವ ಹೊತ್ತಿಗೆ ಗುಬ್ಬಿಯನ್ನು ಹುಡುಗಿ ಎನ್ನುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಟೈಲರಮ್ಮನಾಗಿದ್ದಳು. ಇದಕ್ಕಾಗಿ ಅವಳು ಯಾರನ್ನೂ ದೂರಲಿಲ್ಲ. ಕೊರಳು ಕೈಕೊಟ್ಟಿತು, ಕೈ ಕೈಹಿಡಿಯಿತು ಎಂದುಕೊಂಡು ಹೊಲಿದಳು. ತಿಂಗಳಿಗೊಮ್ಮೆ ಅಕ್ಕನ ಮನೆಗೆ ಹೋದರೆ ಇಬ್ಬರೂ ಕೂತು ಕುಕ್ಕರ್ ಕ್ಯಾಸೆಟ್ಟು ಕೇಳುತ್ತಿದ್ದರು. ಯೌವನದಲ್ಲಿ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದ್ದರೆ ಟೈಲರಮ್ಮ ಅದೊಂದನ್ನೇ ತೋರಿಸುತ್ತಿದ್ದಳು. ಆಮೇಲೊಂದು ದಿನ ಟೇಪ್ ರೆಕಾರ್ಡರ್ ಕೆಟ್ಟು ಅಟ್ಟ ಸೇರಿತು.

ಅದನ್ನು ಅಟ್ಟದಿಂದ ಇಳಿಸಿ ರಿಪೇರಿ ಮಾಡಿಸಿದವಳು ಅಕ್ಕನ ಮಗಳು. ತಾಯಿಯ ಎಕ್ಸ್‌ಚೇಂಜಿನ ಹಳೆಯ ಗೆಳತಿಯರನ್ನೆಲ್ಲ ಕರೆದು, ಆ ಕಾಲದ ಹಾಡು ಹಾಕಿ ಒಂದು ಮಧ್ಯಾಹ್ನ ಕಳೆಯಬೇಕೆಂದು ಅವಳ ಆಸೆ. ತಾಯಿಗೆ ಗೊತ್ತಾಗದ ಹಾಗೆ ಕುಕ್ಕರ್ ಕ್ಯಾಸೆಟ್ಟನ್ನು ಟೈಲರಮ್ಮನ ಕೈಗೆ ತಂದುಕೊಟ್ಟಳು.

"ಚಿಕ್ಕಮ್ಮ, ಇದರೊಳಗಿನ ಮೆತ್ತೆ ಉದುರಿಹೋಗಿದೆಯಂತೆ, ಅದಕ್ಕೇ ದನಿ ಬರ್ತಿಲ್ಲ. ಅಂಗಡಿಯವನು ಇಂಥದ್ದೆಲ್ಲ ಈಗ ಸಿಗಲ್ಲ ಅಂದ. ನಿಮ್ಮ ಕೈಲಾಗದ್ದು ಇದೆಯಾ?"

"ಹೊಗಳಿ ಹೊಗಳಿ ಕೆಲಸ ಮಾಡಿಸ್ಕೋ. ನಿಮ್ಮಮ್ಮನ ಬುದ್ಧಿಯೇ ಬಂದಿದೆ ನಿಂಗೆ."

ನಲವತ್ತು ವರ್ಷದಲ್ಲಿ ಆ ಕ್ಯಾಸೆಟ್ಟು ಟೈಲರಮ್ಮನ ಅಂಗೈಗೆ ಬಂದದ್ದು ಅದೇ ಮೊದಲು. ಕನ್ನಡಕ ಏರಿಸಿ, ಕೋಟಿನ ಕಾಲರಿನೊಳಗೆ ಹಾಕುವ ದಪ್ಪ ಉಣ್ಣೆಬಟ್ಟೆಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ, ಚಿಮಟದಿಂದ ಒಳಗೆ ಅಂಟಿಸಿದಳು. ಅಂಟು ಒಣಗಲೆಂದು ಕ್ಯಾಸೆಟ್ಟನ್ನು ನಿಲ್ಲಿಸಿದಾಗ ಅದರ ಬೆನ್ನಿನ ಮೂಲೆಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಪಟ್ಟಿಯೊಂದು ಕಂಡಿತು. ಗಾಯಕ್ಕೆ ಅಂಟಿಸುವ ಪ್ಲಾಸ್ಟರು. ಅಪ್ಪನ ಬೆನ್ನಿನ ಹುಣ್ಣಿಗೆ ಮನೆಯಲ್ಲಿ ತಂದಿಟ್ಟಿರುತ್ತಿದ್ದದ್ದು. ಮುರಿದ ಹಲ್ಲಿನ ತೂತಿಗೆ ಹೀಗೆ ಅಂಟಿಸಿದರೆ ರೆಕಾರ್ಡ್ ಗುಂಡಿ ಮತ್ತೆ ಒತ್ತಿಕೊಳ್ಳುತ್ತದೆಂದು ಆ ಕಾಲದವರಿಗೆಲ್ಲ ಗೊತ್ತು. ಆದರೆ ಖಾಲಿ ಕ್ಯಾಸೆಟ್ಟಿನ ಹಲ್ಲನ್ನು ಯಾರು ಮುರಿಯುತ್ತಾರೆ?

ಅವಳು ಪ್ಲಾಸ್ಟರಿನ ಅಂಚನ್ನು ಸೂಜಿಯಿಂದ ಎಬ್ಬಿಸಿದಳು. ಕೆಳಗೆ ಮುರಿದ ಹಲ್ಲಿನ ತೂತು, ಪಕ್ಕದಲ್ಲಿ ಉಗುರಿನ ಆಕಾರದ ಗಾಯ.

ಆಗ ಇನ್ನೊಂದು ನೆನಪಾಯಿತು. ಆ ವರ್ಷವೇ ಮಾಸ್ತರು ಕೋಟು ಹೊಲಿಸಲು ಅಂಗಡಿಗೆ ಬಂದಿದ್ದರು. "ನೀವೂ ಹಾಡ್ತೀರಂತೆ. ಒಂದು ಸಲ ಕೇಳಬೇಕಿತ್ತು," ಎಂದಿದ್ದರು. ಬೇಡವೆಂದವರು ಗೇಲಿಯನ್ನೂ ಮಾಡುತ್ತಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. "ಕೈ ಚಾಚಿ, ತೋಳಿನ ಅಳತೆ ತಗೋಬೇಕು," ಎಂದಷ್ಟೇ ಹೇಳಿ ಅವರ ಬಾಯಿ ಮುಚ್ಚಿಸಿದ್ದಳು. ಪಾಪ, ಆ ಮನುಷ್ಯ ನಿಜವಾಗಿಯೇ ಕೇಳಿದ್ದರು. ಅವರು ಸತ್ತು ಎಷ್ಟೋ ವರ್ಷವಾಗಿತ್ತು.

ಪ್ಲಾಸ್ಟರನ್ನು ಇದ್ದಂತೆಯೇ ಒತ್ತಿ ಅಂಟಿಸಿ, ಹೇಳಿದ ದಿನ ಹೇಳಿದ ಹೊತ್ತಿಗೆ ಅಕ್ಕನ ಮನೆಗೆ ಹೋದಳು.

ನಡುಮನೆಯ ತುಂಬ ನರೆತ ತಲೆಗಳು, ನಗು, ಮಂಡಿನೋವಿನ ಮಾತು. ಕ್ಯಾಸೆಟ್ಟು ಕಂಡು ಅಕ್ಕ ಚಪ್ಪಾಳೆ ತಟ್ಟಿದಳು. "ಅಯ್ಯೋ, ಗುಬ್ಬಿ ರಿಪೇರಿ ಮಾಡಿದಳಾ! ನೋಡ್ರೇ, ನನ್ನ ತಂಗಿ ಅಂದರೆ ಏನಂದುಕೊಂಡಿದ್ದೀರಿ?" ಎಂದಳು. ಆಮೇಲೆ ಅಭ್ಯಾಸದಂತೆ ಕುರ್ಚಿಯನ್ನು ಟೇಪ್ ರೆಕಾರ್ಡರಿನ ಪಕ್ಕಕ್ಕೇ ಎಳೆದುಕೊಂಡಳು. ಟೈಲರಮ್ಮ ಇನ್ನೊಂದು ಪಕ್ಕದಲ್ಲಿ ಕೂತಳು.

ಹಾಡುಗಳು ಬಂದವು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಇನ್ನೊಬ್ಬಾಕೆ, "ಆಗೆಲ್ಲ ಎಷ್ಟು ಚೆನ್ನಾಗಿತ್ತು ಕಣೇ, ಮನಸ್ಸಲ್ಲಿ ಕಪಟ ಇರಲಿಲ್ಲ," ಎಂದಳು. ಎರಡನೆಯ ಹಾಡಿನಲ್ಲಿ ಕುಕ್ಕರ್ ಕೂಗಿತು. ಅಕ್ಕ ಬಾಯಲ್ಲಿ ಅದನ್ನೇ ಕೂಗಿ, ತಂಗಿಯೂ ಕೂಗಲೆಂದು ತಿರುಗಿ ನೋಡಿದಳು. ತಂಗಿ ಕೂಗಲಿಲ್ಲ.

ಕೊನೆಯ ಹಾಡು ಮುಗಿಯಿತು. ಅಕ್ಕನ ಕೈ ಗುಂಡಿಯತ್ತ ಹೋಯಿತು. ಟೈಲರಮ್ಮ ಆ ಕೈಯನ್ನು ಹಿಡಿದಳು.

"ಓಡಲಿ ಅಕ್ಕ."

"ಮುಂದೆ ಏನೂ ಇಲ್ಲ ಕಣೇ, ಖಾಲಿ."

"ಖಾಲಿನೇ ಕೇಳೋಣ."

ಒಂದು ಕ್ಷಣ ಬರಿ ಸುಯ್ಯೆನ್ನುವ ಸದ್ದು. ಆಮೇಲೆ, ನಡುವಿನಿಂದ ಹರಿದ ಒಂದು ಸಾಲು ಹಿಡಿದು, ವಾದ್ಯವಿಲ್ಲದೆ, ಒಂದು ಹುಡುಗಿಯ ದನಿ. ತೆಳುವಾಗಿರಲಿಲ್ಲ. ಅಂಜುತ್ತಿತ್ತು, ಆದರೆ ಎತ್ತರದಲ್ಲಿ ಎಲ್ಲಿಯೂ ಜಾರದೆ ನೇರ ನಿಂತಿತು. ಹಾಡು ಮುಗಿದು ಕೆಮ್ಮು ಕೇಳಿಸಿತು, ಕೆಮ್ಮಿನ ಹಿಂದೆ ಒಬ್ಬ ಗಂಡಸಿನ ಮಾತು: "ತಡೆದು ತಡೆದು ಪ್ರಾಣ ಹೋಯ್ತಮ್ಮ. ಆದರೂ ಇನ್ನೊಂದು ಹೇಳು." ಬದಿ ಮುಗಿದು ಟಕ್ಕೆಂದು ಟೇಪು ನಿಂತಿತು.

"ಅದು ತಾತನ ದನಿಯಾ?" ಎಂದಳು ಅಕ್ಕನ ಮಗಳು. "ಹಾಡಿದ್ದು ಯಾರು? ಎಂಥ ಗಂಟಲು!"

ಅಕ್ಕ ಎದ್ದು ಅಡುಗೆಮನೆಗೆ ನಡೆದಳು. ಟೈಲರಮ್ಮ ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದಳು.

"ಮಾಸ್ತರಿಗೆ ಕೊಡಲೇ ಇಲ್ಲ ಅಲ್ವಾ?"

ಅಕ್ಕ ಲೋಟ ತೊಳೆಯತೊಡಗಿದಳು. ತೊಳೆದದ್ದನ್ನೇ ತೊಳೆದಳು.

"ಆಗ ನನ್ನ ಮದುವೆ ಮಾತು ನಡೀತಿತ್ತು. ನೀನು ಊರೂರು ತಿರುಗೋಕೆ ಹೋದರೆ ಅಪ್ಪನ್ನ ಯಾರು ನೋಡ್ಕೋಬೇಕಿತ್ತು? ನಾನು ಕಟ್ಕೊಂಡು ಹೋಗೋಕಾಗ್ತಿತ್ತಾ?"

"ಹೋಗಬೇಡ ಅನ್ನಬಹುದಿತ್ತಲ್ಲ. ನಿನ್ನ ಮಾತು ಯಾವತ್ತು ಮೀರಿದ್ದೆ?"

"ಬೇಡ ಅಂದಿದ್ದರೆ ಜನ್ಮಪೂರ್ತಿ ನನ್ನ ಮೇಲೆ ಹಗೆ ಇಟ್ಕೋತಿದ್ದೆ. ಮಾಸ್ತರಾದರೆ ಹೊರಗಿನವರು. ಬೈಕೊಂಡರೆ ಬೈಕೊಳ್ಳಲಿ ಅಂದುಕೊಂಡೆ."

"ಮಾಸ್ತರನ್ನ ನಾನು ಬೈಲಿಲ್ಲ ಅಕ್ಕ. ನನ್ನ ಗಂಟಲನ್ನ ಬೈಕೊಂಡೆ."

ಅಕ್ಕನ ಕೈ ನಿಂತಿತು. "ಎಸೆಯೋಕೆ ಮನಸ್ಸು ಬರಲಿಲ್ಲ ಗುಬ್ಬಿ. ಒಳ್ಳೇ ಕ್ಯಾಸೆಟ್ಟು. ಆಗ ಎಷ್ಟು ದುಬಾರಿ ಅಂತ ನಿಂಗೇ ಗೊತ್ತು."

ಟೈಲರಮ್ಮನಿಗೆ ನಗು ಬಂದಂತಾಯಿತು. ಮೋಸಕ್ಕಾದರೂ ಹೊಸ ಕ್ಯಾಸೆಟ್ ಕೊಳ್ಳದ ಅಕ್ಕ. ಅವಳು ಬಾಗಿಲು ತೆಗೆದು, ನಡುಮನೆ ದಾಟಿ, ಚಪ್ಪಲಿ ಮೆಟ್ಟಿಕೊಂಡಳು. "ಕ್ಯಾಸೆಟ್ಟು ಬಿಟ್ಟು ಹೋಗ್ತಿದ್ದೀರಲ್ಲ ಚಿಕ್ಕಮ್ಮ," ಎಂದಳು ಅಕ್ಕನ ಮಗಳು. "ಅದು ನಿಮ್ಮಮ್ಮನದು," ಎಂದು ಮೆಟ್ಟಿಲಿಳಿದಳು.

ಮರುದಿನ ಅವಳು ಎಂದಿನಂತೆ ಯಂತ್ರಕ್ಕೆ ಎಣ್ಣೆ ಬಿಟ್ಟು ರೇಡಿಯೊ ಹಚ್ಚಿದಳು. ಆ ಕ್ಯಾಸೆಟ್ಟಿನ ಎರಡನೆಯ ಹಾಡೇ ಬರಬೇಕೇ! ಕಾಲು ತಾಳ ಹಾಕಿತು. ಕುಕ್ಕರ್ ಕೂಗಬೇಕಾದ ಜಾಗ ಕೂಗಿಲ್ಲದೆ ದಾಟಿಹೋಯಿತು. ಆ ಭಾನುವಾರ ಕಣ್ಣಿಗೆ ಕಟ್ಟಿತು. ನಲ್ಲಿಗೆ ಬಟ್ಟೆ ಸುತ್ತಿದವಳು ತಾನು. ತನ್ನ ದನಿಯ ಮೇಲೆ ಹಾಡು ಕೂರುತ್ತಿದ್ದಾಗ ಸದ್ದಾಗದಿರಲೆಂದು ಉಸಿರು ಬಿಗಿಹಿಡಿದು ಕೂತವಳೂ ತಾನೇ. ಇಡೀ ಮನೆಯಲ್ಲಿ ಅದನ್ನು ಕೂಗಿ ಹೇಳಿದ್ದು ಒಂದು ಕುಕ್ಕರ್. ಅದಕ್ಕೂ ತಪ್ಪಾಯ್ತು ಎಂದಿದ್ದಳು.

ಅವಳು ಕೈ ಚಾಚಿ ರೇಡಿಯೊ ಆರಿಸಿದಳು.

"ಏನು ಟೈಲರಮ್ಮ, ರೇಡಿಯೊ ಕೆಟ್ಟಿದೆಯಾ?" ಎನ್ನುತ್ತಾ ಹೆಂಗಸೊಬ್ಬಳು ಬಟ್ಟೆಯ ಗಂಟಿನೊಂದಿಗೆ ಒಳಗೆ ಬಂದಳು.

"ಇಲ್ಲ, ಚೆನ್ನಾಗೇ ಇದೆ," ಎಂದು ಟೈಲರಮ್ಮ ಟೇಪು ಕೊರಳಿಗೆ ಹಾಕಿಕೊಂಡು ಎದ್ದಳು. "ಕೈ ಎತ್ತಿ. ಅಳತೆ ತಗೋಬೇಕು."