ನೇರಳೆ ಮರದ ಬುಡಕ್ಕೆ ಬಿಟ್ಟ ಬಣ್ಣ

ನಿಮ್ಮ ನೇರಳೆ ಮರವನ್ನು ಒಣಗಿಸಿದವಳು ನಾನು, ಸಾಬ್ರೇ. ಅದಕ್ಕೆ ರೋಗ ಬಂದಿರಲಿಲ್ಲ, ಗೆದ್ದಲು ಹಿಡಿದಿರಲಿಲ್ಲ. ನೀವು ಅಂದುಕೊಂಡಂತೆ ಮೇಲಿನವನು ಮುನಿದಿರಲೂ ಇಲ್ಲ. ಗೋಡೆಯ ಈಚೆಗಿದ್ದ ನಾನು — ನಿಮ್ಮ ಕೈಯಿಂದಲೇ ಬೊಗಸೆ ಬೊಗಸೆ ಹಣ್ಣು ಈಸಿಕೊಂಡು ತಿಂದ ಗೌರಮ್ಮ — ಅದನ್ನು ಒಣಗಿಸಿದೆ. ನಿಮ್ಮೆದುರು ನಿಂತು ಹೇಳುವ ಮೊದಲು ಇದನ್ನು ಒಮ್ಮೆ ಪೂರ್ತಿಯಾಗಿ ನನಗೆ ನಾನೇ ಹೇಳಿಕೊಳ್ಳಬೇಕು. ಇಲ್ಲದಿದ್ದರೆ ನಡುವೆ ಎಲ್ಲೋ ಮಾತು ತಿರುಗಿಸಿಬಿಡುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಹಿತ್ತಲಿಗೂ ಮಸೀದಿಯ ಹಿಂದಿನ ಅಂಗಳಕ್ಕೂ ನಡುವೆ ಇದ್ದದ್ದು ಒಂದು ಮೋಟು ಗೋಡೆ. ನಾನು ಮದುವೆಯಾಗಿ ಆ ಮನೆಗೆ ಬಂದ ವರ್ಷವೇ ನಿಮ್ಮ ಹೆಂಡತಿ ಜೈನಬಿ ತೀರಿಕೊಂಡರು. ಅವರ ಹೆಸರಿನಲ್ಲಿ ನೀವು ಅಂಗಳದ ಮೂಲೆಯಲ್ಲಿ ಆ ಗಿಡ ನೆಟ್ಟಿರಿ. ನಮಾಜಿಗೆ ಮುಂಚೆ ಜನ ವಜೂ ಮಾಡಿ ಮುಖ, ಕೈಕಾಲು ತೊಳೆದ ನೀರು ಗೋಡೆ ಪಕ್ಕದ ಕಲ್ಲಿನ ಕಾಲುವೆಯಲ್ಲಿ ಹರಿದು ಅದರ ಬುಡಕ್ಕೆ ಸೇರುವಂತೆ ಮಾಡಿದವರೂ ನೀವೇ. ಆದರೂ ಯಾರಾದರೂ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ರೇಗುತ್ತಿದ್ದಿರಿ — ಹರಿಯುವ ಹೊಳೆಯ ದಂಡೆಯಲ್ಲಿ ಕೂತಿದ್ದರೂ ನೀರು ಪೋಲು ಮಾಡಬೇಡಿ ಅಂತ ಪೈಗಂಬರರು ಹೇಳಿಲ್ಲವೇ ಎಂದು.

ಮರ ಹಣ್ಣು ಬಿಟ್ಟ ಮೇಲೆ ನನ್ನ ಮಕ್ಕಳು ಗೋಡೆ ಹತ್ತಿ ಕದಿಯುತ್ತಿದ್ದವು. ನಾನು ಕೋಲು ಹಿಡಿದು ಬಂದರೆ ನೀವು ನಗುತ್ತಿದ್ದಿರಿ.

"ಬಿಡಮ್ಮಾ, ಹೊಡೀಬೇಡ. ನೆಟ್ಟ ಮರದಲ್ಲಿ ಹಕ್ಕಿ ತಿಂದ್ರೂ ದಾನ, ಮನುಷ್ಯ ತಿಂದ್ರೂ ದಾನ, ಕದ್ದು ತಿಂದ್ರೂ ದಾನಾನೇ. ಎಲ್ಲಾ ನಮ್ ಜೈನಬಿಗೆ ಸೇರುತ್ತೆ."

ಹಾಸಿಗೆ ಹೊಲಿಯುವ ನಿಮ್ಮ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಗಿಡ ಕೊಟ್ಟು ಕಳಿಸುತ್ತಿದ್ದಿರಿ. ಕಯಾಮತ್ತೇ ಬಂದು ಲೋಕ ಮುಳುಗುತ್ತಿದ್ದರೂ ಕೈಯಲ್ಲಿ ಗಿಡ ಇದ್ದರೆ ಮೊದಲು ಅದನ್ನು ನೆಡಬೇಕು ಅನ್ನುತ್ತಿದ್ದಿರಿ. ಲೋಕ ಮುಳುಗಿದ ಮೇಲೆ ನೀರು ಹಾಕೋರು ಯಾರು ಸಾಬ್ರೇ ಅಂತ ನಾನು ಕೀಟಲೆ ಮಾಡುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಮ್ಮ ಮಗ್ಗಗಳಿಗೆ ಬೇಕಾದ ನೂಲಿಗೆ ನಾವೇ ಹಿತ್ತಲಲ್ಲಿ ಬಣ್ಣ ಹಾಕುತ್ತಿದ್ದೆವು. ಬಣ್ಣ, ಸೋಡಾ, ಆಸಿಡ್ಡು ಬೆರೆತ ಕುದಿನೀರನ್ನು ಬಕೆಟ್ಟಿನಲ್ಲಿ ಹೊತ್ತು ಬೀದಿಯ ಚರಂಡಿಗೆ ಸುರಿಯುವುದು ನನ್ನ ಕೆಲಸ. ಆ ಬೇಸಿಗೆ ಚರಂಡಿ ಕಟ್ಟಿಕೊಂಡಿತು, ನೆರೆಯವರು ಜಗಳಕ್ಕೆ ಬಂದರು, ನನ್ನ ಸೊಂಟ ಬಿದ್ದುಹೋಗಿತ್ತು. ಒಂದು ಬೆಳಿಗ್ಗೆ ಗೋಡೆಯ ಬುಡದ ಇಟ್ಟಿಗೆಯೊಂದನ್ನು ಕಿತ್ತೆ. ಆಚೆಗೇ ನಿಮ್ಮ ಕಾಲುವೆ. ಮುಂಜಾನೆಯ ನಮಾಜು ಮುಗಿದು ಮಧ್ಯಾಹ್ನದ್ದು ಶುರುವಾಗುವ ತನಕ ಅಲ್ಲಿಗೆ ಯಾರೂ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆ ಹೊತ್ತು ನೋಡಿಕೊಂಡೇ ಬಣ್ಣದ ನೀರನ್ನು ಆ ತೂತಿನಿಂದ ಬಿಡುತ್ತಿದ್ದೆ. ಆಮೇಲೆ ಮಧ್ಯಾಹ್ನದ ವಜೂ ನೀರು ಬಂದು ಕಾಲುವೆಯ ಬಣ್ಣವನ್ನೆಲ್ಲ ತೊಳೆದು ಮರದ ಬುಡಕ್ಕೆ ಕೊಂಡೊಯ್ಯುತ್ತಿತ್ತು — ದೇವರ ಮುಂದೆ ನಿಲ್ಲಲು ಜನ ಕೈ ತೊಳೆದ ನೀರು ನನ್ನ ಕಳ್ಳತನವನ್ನೂ ತೊಳೆಯುತ್ತಿತ್ತು. ಹಣ್ಣು ಬಿದ್ದು ಬಿದ್ದು ಆ ನೆಲ ಮೊದಲೇ ಕಪ್ಪಗಿತ್ತು. ನನ್ನ ಬಣ್ಣ ಯಾರ ಕಣ್ಣಿಗೂ ಬೀಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮರ ಚಿಗುರಲಿಲ್ಲ. ನೀವು ಅದರ ತೊಗಟೆ ಕೆರೆದು ಕೆರೆದು ಹಸಿರು ಹುಡುಕುತ್ತಿದ್ದುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅದೇ ದಿನ ಇಟ್ಟಿಗೆಯನ್ನು ವಾಪಸ್ಸಿಟ್ಟು ಮಣ್ಣು ಮೆತ್ತಿದೆ. ಅಲ್ಲಿಗೆ ನಿಂತಿದ್ದರೆ —

ಆದರೆ ನೀವು ಇನ್ನೊಂದು ನೇರಳೆ ಗಿಡ ತಂದಿರಿ. ಗೋಡೆಯ ಹತ್ತಿರ ಬಂದು ನನ್ನನ್ನೇ ಕೇಳಿದಿರಿ.

"ಏನಮ್ಮಾ ಗೌರಮ್ಮ, ಅದೇ ಗುಂಡೀಲಿ ನೆಡ್ಲಾ? ಮಣ್ಣಲ್ಲಿ ಏನಾದ್ರೂ ದೋಷ ಇರ್ಬೋದಾ?"

"ಮಣ್ಣಿಗೇನಾಗಿದೆ ಸಾಬ್ರೇ. ನೆಡಿ" ಅಂದೆ.

ನನ್ನ ಬಾಯಿ ಜೋರು ಅಂತ ಇಡೀ ಬೀದಿಗೆ ಗೊತ್ತು. ಅಂಥ ಬಾಯಿಂದ ಅವತ್ತು ಬಂದದ್ದು ಇಷ್ಟೇ. ಬೇಡ, ಬೇರೆ ಕಡೆ ನೆಡಿ ಅಂದರೆ ಯಾಕೆ ಅಂತ ಕೇಳುತ್ತಿದ್ದಿರಿ. ಮಸೀದಿಯ ನೀರಿಗೆ ಬಣ್ಣ ಬಿಟ್ಟೆ ಅಂದರೆ ಊರಲ್ಲಿ ಗಲಾಟೆ ಆದೀತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ನೀವು ಗಲಾಟೆ ಮಾಡುವವರಲ್ಲ, ನನ್ನನ್ನು ಹೊರಗೆ ಹಾಕುವವರೂ ಅಲ್ಲ. ನಿಮ್ಮ ಮುಂದೆ ಸಣ್ಣವಳಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ.

ಆ ಗಿಡವೂ ಸುಟ್ಟುಹೋಯಿತು. ನೀವು ಅದನ್ನು ಬೇರು ಸಮೇತ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

"ಎರಡು ಸಲ ಕೊಟ್ಟೆ ಕಣಮ್ಮಾ. ಎರಡು ಸಲಾನೂ ಮೇಲಿನವನು ಕಬೂಲ್ ಮಾಡ್ಲಿಲ್ಲ. ನನ್ ಕೈಲೇ ಏನೋ ತಪ್ಪಿರ್ಬೇಕು."

ನಾನು ತಂತಿಯ ಮೇಲಿನ ನೂಲನ್ನು ತಿರುವಿ ಹಾಕುತ್ತಾ ನಿಂತಿದ್ದೆ. ಆಮೇಲೆ ನೀವು ಅಂಗಡಿ ಮುಚ್ಚಿ ಸೂಲಿಬೆಲೆಗೆ, ಮಗಳ ಮನೆಗೆ ಹೋದಿರಿ. ನಾನು ನಿಜ ಹೇಳುತ್ತೇನೆ, ಸಾಬ್ರೇ — ಅವತ್ತು ನನಗೆ ಹಾಯೆನಿಸಿತು.

ಹೋದ ವಾರ ನಿಮ್ಮ ಮಗಳು ನಮ್ಮಲ್ಲಿಗೆ ಮದುವೆಗೆಂದು ಸೀರೆ ಕೊಳ್ಳಲು ಬಂದಿದ್ದಳು. ನಿಮ್ಮ ಮನೆಯ ಸುತ್ತ ಜಾಗ ಇದೆಯಂತಲ್ಲ, ನಿಮ್ಮಪ್ಪ ತೋಪೇ ಮಾಡಿರಬೇಕು ಅಂದೆ, ನಗಿಸಲೆಂದು. ಅವಳು ನಗಲಿಲ್ಲ.

"ಅಬ್ಬಾ ಗಿಡ ಮುಟ್ಟಲ್ಲ ಅಕ್ಕಾ. ನಾನು ನೆಟ್ರೆ ಅವನು ಒಪ್ಪಲ್ಲ, ನೀವೇ ನೆಡಿ ಅಂತಾರೆ. ಕಣ್ಣು ಬೇರೆ ಮಂಜಾಗಿದೆ ಈಗ."

ಕಯಾಮತ್ ಬಂದರೂ ನೆಡಬೇಕು ಅನ್ನುತ್ತಿದ್ದ ಮನುಷ್ಯ. ನಾನು ಕೊಂದದ್ದು ಬರೀ ಒಂದು ಮರ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ನಾಳೆ ಮೊದಲ ಬಸ್ಸಿಗೇ ಸೂಲಿಬೆಲೆಗೆ ಬರುತ್ತೇನೆ. ಕೈಯಲ್ಲಿ ಗಿಡ ತರುವುದಿಲ್ಲ. ತಂದರೆ ನೀವು ಅದಕ್ಕೇ ಸಂತೋಷಪಟ್ಟು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕ್ಷಮಿಸಿಬಿಡುತ್ತೀರಿ, ನಿಮ್ಮ ಗುಣ ನನಗೆ ಗೊತ್ತು. ಬರಿಗೈಯಲ್ಲಿ ಬಂದು, ನಿಮ್ಮ ಹತ್ತಿರ ಕೂತು, ಇಟ್ಟಿಗೆ ಕಿತ್ತದ್ದರಿಂದ ಹಿಡಿದು ಎಲ್ಲವನ್ನೂ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಎದ್ದು ಹೋಗು ಅಂದರೆ ಎದ್ದು ಬರುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ಮಾತು ನಿಮ್ಮ ಕಿವಿಗೆ ಬೀಳಲೇಬೇಕು. ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲ, ಸಾಬ್ರೇ. ಬೇಡ ಅಂದವನು ಅವನಲ್ಲ.